ಬಂದರ್ ಸೆರಿ ಬೆಗವಾನ್‌ನಲ್ಲಿ ಏಳು ಗಂಟೆ: ಹಾಸನದ ಪ್ರಯಾಣಿಕರಿಗೆ

ಹಾಸನದಿಂದ ಆಸ್ಟ್ರೇಲಿಯಾದ ಮಕ್ಕಳ ಮನೆಗೆ ಹೊರಟವರು ಬ್ರುನೈ ರಾಜಧಾನಿಯಲ್ಲಿ ವಿಮಾನ ಬದಲಿಸಬೇಕಾಗಿ ಬಂದರೆ, ಏಳೆಂಟು ಗಂಟೆಗಳನ್ನು ನಿಲ್ದಾಣದ ಕುರ್ಚಿಯಲ್ಲೇ ಕಳೆಯಬೇಕಾಗಿಲ್ಲ. ಊರು ಚಿಕ್ಕದು, ವಿಮಾನ ನಿಲ್ದಾಣಕ್ಕೆ ಹತ್ತಿರ. ಹೊರಗೆ ಹೋಗಲು ವೀಸಾ ಬೇಕೇ ಎಂಬುದನ್ನು ಟಿಕೆಟ್ ಕಾದಿರಿಸುವ ಮೊದಲೇ ವಿಚಾರಿಸಿಕೊಳ್ಳಿ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿರುತ್ತದೆ. ಸಿಂಗಪುರದ ಡಾಲರ್ ಸಮಾನ ಮೌಲ್ಯಕ್ಕೆ ಚಲಾವಣೆಯಾಗುವುದರಿಂದ ಅದನ್ನೇ ಒಯ್ಯಬಹುದು.

ಮೊದಲು 1958ರಲ್ಲಿ ಪೂರ್ಣಗೊಂಡ ಓಮರ್ ಅಲಿ ಸೈಫುದ್ದೀನ್ ಮಸೀದಿಗೆ ಹೋಗಿ. ಪ್ರಾರ್ಥನೆಯ ಹೊತ್ತು ಬಿಟ್ಟು, ಮೈ ಮುಚ್ಚುವ ಉಡುಪಿನಲ್ಲಿ, ಚಪ್ಪಲಿ ಕಳಚಿ ಒಳಹೋಗಬೇಕು. ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಅಂಗಡಿ, ಹೋಟೆಲುಗಳೆಲ್ಲ ಮುಚ್ಚಿರುತ್ತವೆ.

ನನ್ನ ಎಣಿಕೆಯಲ್ಲಿ ಹೆಚ್ಚು ಸಮಯ ಸಲ್ಲಬೇಕಾದದ್ದು ನದಿಗೆ. ದಡದಿಂದ ದೋಣಿ ಹತ್ತುವ ಮೊದಲೇ ದರ ಮಾತಾಡಿಕೊಂಡು ಕಂಪೋಂಗ್ ಆಯರ್‌ಗೆ ದಾಟಿದರೆ, ನೀರಿನ ಮೇಲೆ ಕಂಬಗಳನ್ನೂರಿ ಕಟ್ಟಿದ ಮನೆ, ಶಾಲೆ, ಮಸೀದಿಗಳ ನಡುವೆ ಹಲಗೆಯ ಹಾದಿಗಳಲ್ಲಿ ಓಡಾಡಬಹುದು. ಇನ್ನೊಂದು ಗಂಟೆ ಉಳಿದಿದ್ದರೆ ಅದೇ ದೋಣಿಯಲ್ಲಿ ನದಿಯ ಮೇಲ್ಭಾಗಕ್ಕೆ ಸಾಗಿ, ಬೋರ್ನಿಯೊದ ಕಾಡುಗಳಲ್ಲಷ್ಟೇ ಇರುವ ಉದ್ದ ಮೂಗಿನ ಕೋತಿಗಳನ್ನು ಹುಡುಕಬಹುದು.

ಊಟಕ್ಕೆ ಅಂಬುಯಾತ್ ಕೇಳಿ. ಸಾಗೋ ಹಿಟ್ಟಿನ ಈ ಅಂಟನ್ನು ಬಿದಿರಿನ ಕವಲುಕಡ್ಡಿಗೆ ಸುತ್ತಿ, ಹುಳಿಖಾರದ ಗೊಜ್ಜಿನಲ್ಲಿ ಅದ್ದಿ, ಅಗಿಯದೆ ನುಂಗುತ್ತಾರೆ. ರಾಗಿಮುದ್ದೆ ಉಂಡು ಬೆಳೆದ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಸಸ್ಯಾಹಾರಿಗಳು ಗೊಜ್ಜಿನಲ್ಲಿ ಸೀಗಡಿ ಇದೆಯೇ ಎಂದು ಕೇಳಿಕೊಳ್ಳಬೇಕು. ವಿಮಾನಕ್ಕೆ ಮೂರು ಗಂಟೆ ಮೊದಲೇ ನಿಲ್ದಾಣಕ್ಕೆ ಮರಳಿ.