ಮೈಸೂರಿನಿಂದ ವಿದೇಶಕ್ಕೆ ಆನ್‌ಲೈನ್ ಮಾರಾಟ: ತೆರಿಗೆಯ ಹೊಣೆ ಎಲ್ಲಿ, ಎಷ್ಟು, ಹೇಗೆ?

ಮಂಡಿ ಮೊಹಲ್ಲಾದ ಕುಶಲಕರ್ಮಿಯ ಬೀಟೆ ಮರದ ಇನ್‌ಲೇ ಫಲಕ, ಮೈಸೂರಿನ ಅಗರಬತ್ತಿ, ಮಂಡ್ಯದ ಆಲೆಮನೆಯಲ್ಲಿ ರಾಸಾಯನಿಕ ಬೆರೆಸದೆ ತೆಗೆದ ಬೆಲ್ಲ ಇವನ್ನು ಇಂದು ಲಂಡನ್, ಸಿಡ್ನಿ ಅಥವಾ ನ್ಯೂಜೆರ್ಸಿಯ ಗ್ರಾಹಕರಿಗೆ ಮನೆಯಿಂದಲೇ ಮಾರಬಹುದು. ಮಾರುಕಟ್ಟೆ ತಾಣದಲ್ಲಿ ಖಾತೆ ತೆರೆದು, ಚಿತ್ರ ಹಾಕಿ, ಬೆಲೆ ನಮೂದಿಸಿದರೆ ಅಂಗಡಿ ತೆರೆದಂತೆಯೇ. ಆದರೆ ತೆರಿಗೆಯ ವಿಷಯದಲ್ಲಿ ಹೊಸ ಮಾರಾಟಗಾರರಲ್ಲಿ ಎರಡು ನಂಬಿಕೆಗಳು ಬೇರೂರಿವೆ. ರಫ್ತಿಗೆ ತೆರಿಗೆ ಇಲ್ಲ, ಹಾಗಾಗಿ ಜಿಎಸ್‌ಟಿ ನೋಂದಣಿಯೂ ಬೇಡ ಎಂಬುದು ಒಂದು. ವಿದೇಶದ ತೆರಿಗೆಯನ್ನು ತಾಣವೇ ಹಿಡಿದುಕೊಳ್ಳುತ್ತದೆ, ಹಾಗಾಗಿ ನಮ್ಮ ಹೊಣೆ ಮುಗಿಯಿತು ಎಂಬುದು ಮತ್ತೊಂದು. ಎರಡರಲ್ಲೂ ಸತ್ಯದ ಅಂಶವಿದೆ, ಮತ್ತು ಆ ಅಂಶವೇ ಜನರನ್ನು ದಾರಿ ತಪ್ಪಿಸುತ್ತಿದೆ.

ಮೊದಲಿಗೆ ಒಂದು ವಿಭಾಗವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ವಸ್ತುವನ್ನು ಬಳಸುವವರ ಮೇಲೆ ಬೀಳುವ ತೆರಿಗೆ, ಅಂದರೆ ವ್ಯಾಟ್, ಜಿಎಸ್‌ಟಿ ಅಥವಾ ಮಾರಾಟ ತೆರಿಗೆ, ಗ್ರಾಹಕರು ಇರುವ ದೇಶಕ್ಕೆ ಸೇರುತ್ತದೆ. ವಸ್ತು ಆ ದೇಶದ ಗಡಿ ದಾಟುವಾಗ ಬೀಳುವ ಆಮದು ಸುಂಕವೂ ಅಲ್ಲಿಯದೇ. ಮಾರಾಟದಿಂದ ನಿಮಗೆ ಬಂದ ಲಾಭದ ಮೇಲಿನ ಆದಾಯ ತೆರಿಗೆ ಮಾತ್ರ, ನೀವು ಭಾರತದ ನಿವಾಸಿಯಾಗಿದ್ದು ವ್ಯವಹಾರವನ್ನು ಇಲ್ಲಿಂದಲೇ ನಡೆಸುತ್ತಿರುವವರೆಗೆ, ಸಾಮಾನ್ಯವಾಗಿ ಭಾರತಕ್ಕೆ ಸಲ್ಲುತ್ತದೆ. ಈ ಮೂರನ್ನು ಒಂದೇ ಚೀಲಕ್ಕೆ ಹಾಕಿದರೆ ಮುಂದಿನ ಯಾವ ಹೆಜ್ಜೆಯೂ ಸರಿಯಾಗಿ ಬೀಳುವುದಿಲ್ಲ.

ಮೊದಲ ಪಾರ್ಸೆಲ್‌ಗೆ ಮುನ್ನ

ಜಿಎಸ್‌ಟಿ ಕಾನೂನಿನಲ್ಲಿ ರಫ್ತನ್ನು ಅಂತರರಾಜ್ಯ ಪೂರೈಕೆ ಎಂದು ಪರಿಗಣಿಸಲಾಗುತ್ತದೆ. ಕರ್ನಾಟಕದೊಳಗೆ ಸರಕು ಮಾರುವವರಿಗೆ ಇರುವ 40 ಲಕ್ಷ ರೂಪಾಯಿ ವಹಿವಾಟಿನ ಮಿತಿಯನ್ನು ನೆಚ್ಚಿಕೊಂಡು ವಿದೇಶಕ್ಕೆ ತೆರಿಗೆಗೊಳಪಡುವ ಸರಕು ಕಳುಹಿಸಲು ಹೊರಡುವುದು ತಪ್ಪಾಗುವುದು ಇದೇ ಕಾರಣಕ್ಕೆ. ವಹಿವಾಟು ಎಷ್ಟೇ ಚಿಕ್ಕದಿರಲಿ, ನೋಂದಣಿ ಮಾಡಿಸಿಕೊಂಡೇ ಮುಂದುವರಿಯುವುದು ಕ್ಷೇಮ. ಪ್ಯಾನ್, ಆಧಾರ್, ವ್ಯಾಪಾರ ಸ್ಥಳದ ವಿದ್ಯುತ್ ಬಿಲ್ ಅಥವಾ ಬಾಡಿಗೆ ಕರಾರು ಮತ್ತು ಬ್ಯಾಂಕ್ ಖಾತೆಯ ವಿವರ ಕೈಯಲ್ಲಿದ್ದರೆ ಜಿಎಸ್‌ಟಿ ಪೋರ್ಟಲ್‌ನಲ್ಲೇ ಅರ್ಜಿ ಸಲ್ಲಿಸಬಹುದು. ನೋಂದಣಿಗೆ ಸರ್ಕಾರಿ ಶುಲ್ಕವಿಲ್ಲ.

ಎರಡನೆಯದು ಆಮದು-ರಫ್ತು ಸಂಕೇತ, ಎಲ್ಲರ ಬಾಯಲ್ಲಿರುವಂತೆ ಐಇಸಿ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ 500 ರೂಪಾಯಿ ಶುಲ್ಕ ಕಟ್ಟಿದರೆ ಸಿಗುತ್ತದೆ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್‌ವರೆಗಿನ ಅವಧಿಯಲ್ಲಿ, ಏನೂ ಬದಲಾವಣೆ ಇಲ್ಲದಿದ್ದರೂ, ವಿವರಗಳನ್ನು ದೃಢೀಕರಿಸಬೇಕು. ಇಲ್ಲವಾದರೆ ಸಂಕೇತ ನಿಷ್ಕ್ರಿಯವಾಗುತ್ತದೆ. ಇದರ ಜೊತೆಗೆ ನಿಮ್ಮ ಬ್ಯಾಂಕಿನಿಂದ ಎಡಿ ಕೋಡ್, ಅಂದರೆ ವಿದೇಶಿ ವಿನಿಮಯಕ್ಕೆ ಅಧಿಕೃತವಾದ ಶಾಖೆಯನ್ನು ಗುರುತಿಸುವ 14 ಅಂಕಿಗಳ ಸಂಕೇತ, ಪಡೆದು ಕಸ್ಟಮ್ಸ್‌ನ ಐಸ್‌ಗೇಟ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು.

ಮೂರನೆಯದು ಎಚ್‌ಎಸ್ ಸಂಕೇತ, ಅಂದರೆ ಸರಕು ಯಾವ ಬಗೆಯದೆಂದು ಕಸ್ಟಮ್ಸ್‌ಗೆ ತಿಳಿಸುವ ಅಂತರರಾಷ್ಟ್ರೀಯ ಸಂಖ್ಯೆ. ಅಗರಬತ್ತಿಗೆ ಇದು 330741. ಮೊದಲ ಆರು ಅಂಕಿಗಳು ಜಗತ್ತಿನ ಬಹುತೇಕ ದೇಶಗಳಲ್ಲಿ ಒಂದೇ ಆಗಿರುವುದರಿಂದ, ಅಲ್ಲಿನ ಸುಂಕದ ದರವನ್ನು ನೀವೇ ಆಯಾ ಸರ್ಕಾರದ ಜಾಲತಾಣದಲ್ಲಿ ಹುಡುಕಿ ನೋಡಬಹುದು. ಬೀಟೆ ಮರದ ವಸ್ತುಗಳನ್ನು ಮಾರುವವರು ತೆರಿಗೆಯ ಜೊತೆಗೆ, ಅಪಾಯದಲ್ಲಿರುವ ಪ್ರಾಣಿ-ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ನಿಯಮಗಳನ್ನೂ ವಿಚಾರಿಸಿಕೊಳ್ಳಬೇಕು, ಏಕೆಂದರೆ ಸಂಕೇತ ಸರಿಯಿದ್ದೂ ಮರದ ಕಾರಣಕ್ಕೆ ಪಾರ್ಸೆಲ್ ನಿಲ್ಲಬಹುದು.

ಶೂನ್ಯ ದರ ಎಂದರೆ ವಿನಾಯಿತಿ ಅಲ್ಲ

ಇಲ್ಲಿ ಸ್ವಲ್ಪ ನಿಂತು ಅರ್ಥ ಮಾಡಿಕೊಳ್ಳಬೇಕು, ಏಕೆಂದರೆ ಸಣ್ಣ ಮಾರಾಟಗಾರರು ಹೆಚ್ಚು ಹಣ ಕಳೆದುಕೊಳ್ಳುವುದು ಈ ಹಂತದಲ್ಲೇ. ರಫ್ತಿಗೆ ಜಿಎಸ್‌ಟಿಯಲ್ಲಿ ಶೂನ್ಯ ದರವಿದೆ. ವಿನಾಯಿತಿ ಪಡೆದ ಸರಕಾದರೆ ಅದಕ್ಕಾಗಿ ಕೊಂಡ ಕಚ್ಚಾ ವಸ್ತುವಿನ ಮೇಲೆ ಕಟ್ಟಿದ ತೆರಿಗೆ ನಿಮ್ಮ ತಲೆಯ ಮೇಲೇ ಉಳಿಯುತ್ತದೆ. ಶೂನ್ಯ ದರದಲ್ಲಿ ಹಾಗಲ್ಲ. ಆ ತೆರಿಗೆಯನ್ನು ಸರ್ಕಾರದಿಂದ ವಾಪಸ್ ಕೇಳುವ ಹಕ್ಕು ನಿಮಗಿರುತ್ತದೆ. ಅಗರಬತ್ತಿ ತಯಾರಕರು ಸುಗಂಧ ದ್ರವ್ಯದ ಮೇಲೆ ಶೇ 18ರಷ್ಟು ಜಿಎಸ್‌ಟಿ ಕಟ್ಟುತ್ತಾರೆ. ಒಂದು ಲಕ್ಷ ರೂಪಾಯಿಯ ಸುಗಂಧ ದ್ರವ್ಯ ಕೊಂಡು, ಅದರಿಂದ ಮಾಡಿದ ಸರಕನ್ನೆಲ್ಲ ರಫ್ತು ಮಾಡಿ, ಮರುಪಾವತಿ ಕೇಳದೆ ಸುಮ್ಮನಿದ್ದರೆ 18 ಸಾವಿರ ರೂಪಾಯಿ ಬಿಟ್ಟುಕೊಟ್ಟಂತಾಗುತ್ತದೆ.

ಈ ಸೌಲಭ್ಯ ಪಡೆಯಲು ಎರಡು ದಾರಿಗಳಿವೆ. ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರವನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಆರ್‌ಎಫ್‌ಡಿ-11 ನಮೂನೆಯಲ್ಲಿ ಸಲ್ಲಿಸಿ, ತೆರಿಗೆ ಕಟ್ಟದೆಯೇ ರಫ್ತು ಮಾಡಿ, ಬಳಕೆಯಾಗದೆ ಉಳಿದ ಇನ್‌ಪುಟ್ ಕ್ರೆಡಿಟ್ ಅನ್ನು, ಅಂದರೆ ಖರೀದಿಯ ಮೇಲೆ ಕಟ್ಟಿದ ತೆರಿಗೆಯನ್ನು, ಆರ್‌ಎಫ್‌ಡಿ-01 ಅರ್ಜಿಯ ಮೂಲಕ ಎರಡು ವರ್ಷದೊಳಗೆ ವಾಪಸ್ ಪಡೆಯುವುದು ಒಂದು ದಾರಿ. ಮೊದಲು ಐಜಿಎಸ್‌ಟಿ ಕಟ್ಟಿ ರಫ್ತು ಮಾಡುವುದು ಇನ್ನೊಂದು. ಇದರಲ್ಲಿ ಕಸ್ಟಮ್ಸ್‌ಗೆ ಸಲ್ಲಿಸುವ ರಫ್ತಿನ ಘೋಷಣೆಯಾದ ಶಿಪ್ಪಿಂಗ್ ಬಿಲ್ಲೇ ಮರುಪಾವತಿಯ ಅರ್ಜಿ ಎಂದು ಪರಿಗಣಿತವಾಗುತ್ತದೆ. ಕೈಯಲ್ಲಿ ಬಂಡವಾಳ ಕಡಿಮೆ ಇರುವವರಿಗೆ ಮೊದಲ ದಾರಿಯೇ ಮೇಲು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ದುಡಿಯುವ ಹಣ ಸರ್ಕಾರದ ಖಾತೆಯಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಆದರೆ ಎಲ್‌ಯುಟಿ ಒಂದು ಹಣಕಾಸು ವರ್ಷಕ್ಕಷ್ಟೇ ಮಾನ್ಯ. ಏಪ್ರಿಲ್ 1ರ ನಂತರದ ರಫ್ತಿಗೆ ಹೊಸದಾಗಿ ಸಲ್ಲಿಸಲೇಬೇಕು. ಬಿಲ್ ಬರೆದ ದಿನದಿಂದ ಮೂರು ತಿಂಗಳೊಳಗೆ ಸರಕು ದೇಶ ಬಿಡದಿದ್ದರೆ ತೆರಿಗೆಯನ್ನು ಬಡ್ಡಿ ಸಹಿತ ಕಟ್ಟಬೇಕಾಗುತ್ತದೆ ಎಂಬುದನ್ನೂ ಮರೆಯಬಾರದು.

ಪಾರ್ಸೆಲ್ ಮೇಲೆ ಏನು ಬರೆಯುತ್ತೀರಿ

ರಫ್ತಿನ ಬಿಲ್‌ನಲ್ಲಿ ಜಿಎಸ್‌ಟಿ ಸಂಖ್ಯೆ, ಎಚ್‌ಎಸ್ ಸಂಕೇತ, ಗ್ರಾಹಕರ ದೇಶ ಮತ್ತು ಎಲ್‌ಯುಟಿ ಅಡಿಯಲ್ಲಿ ತೆರಿಗೆ ಪಾವತಿಸದೆ ಕಳುಹಿಸಲಾಗುತ್ತಿದೆ ಎಂಬ ಒಕ್ಕಣೆ ಇರಬೇಕು. ಕೊರಿಯರ್ ಮೂಲಕ ಕಳುಹಿಸುವಾಗ ಸಿಎಸ್‌ಬಿ-5 ಎಂಬ ವಾಣಿಜ್ಯ ರಫ್ತಿನ ಶಿಪ್ಪಿಂಗ್ ಬಿಲ್ಲನ್ನೇ ಕೇಳಿ ಮಾಡಿಸಿಕೊಳ್ಳಿ. ಅಂಚೆಯಲ್ಲಾದರೆ ಅಂಚೆ ರಫ್ತು ಬಿಲ್ ಇದೆ. ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರಗಳ ವ್ಯವಸ್ಥೆಯಲ್ಲಿ ಇದನ್ನು ಆನ್‌ಲೈನ್‌ನಲ್ಲೇ ತುಂಬಬಹುದು.

ಕೆಲವರು ಸುಂಕ ಉಳಿಸಲೆಂದು ಮಾರಿದ ವಸ್ತುವನ್ನು ಉಡುಗೊರೆ ಎಂದು ಬರೆಯುತ್ತಾರೆ, ಅಥವಾ ಬೆಲೆಯನ್ನು ತಗ್ಗಿಸಿ ತೋರಿಸುತ್ತಾರೆ. ಗ್ರಾಹಕರೇ ಹೀಗೆ ಮಾಡಿ ಎಂದು ಕೇಳುವುದೂ ಉಂಟು. ದಯವಿಟ್ಟು ಒಪ್ಪಬೇಡಿ. ಅದು ಎರಡೂ ದೇಶಗಳಲ್ಲಿ ಸುಳ್ಳು ಘೋಷಣೆಯ ಅಪರಾಧ. ಅಷ್ಟೇ ಅಲ್ಲ, ಉಡುಗೊರೆಯಾಗಿ ಹೋದ ಪಾರ್ಸೆಲ್‌ಗೆ ರಫ್ತಿನ ದಾಖಲೆಯೇ ಇರುವುದಿಲ್ಲವಾದ್ದರಿಂದ ನಿಮ್ಮ ಜಿಎಸ್‌ಟಿ ಮರುಪಾವತಿಗೂ, ಬ್ಯಾಂಕಿಗೆ ಬಂದ ವಿದೇಶಿ ಹಣಕ್ಕೂ ಆಧಾರವೇ ಇಲ್ಲದಂತಾಗುತ್ತದೆ.

ಗ್ರಾಹಕರ ದೇಶದ ತೆರಿಗೆ

ಬ್ರಿಟನ್ನಿನಲ್ಲಿ 2021ರ ಜನವರಿ 1ರಿಂದ 135 ಪೌಂಡ್‌ವರೆಗಿನ ಪಾರ್ಸೆಲ್‌ಗಳಿಗೆ ವ್ಯಾಟ್ ಅನ್ನು ಗಡಿಯಲ್ಲಿ ಅಲ್ಲ, ಮಾರಾಟದ ಹೊತ್ತಿನಲ್ಲೇ ವಸೂಲು ಮಾಡಬೇಕು. ಸಾಮಾನ್ಯ ದರ ಶೇ 20. ಮಾರುಕಟ್ಟೆ ತಾಣದ ಮೂಲಕ ಮಾರಿದರೆ ಸಂಗ್ರಹಿಸಿ ಕಟ್ಟುವ ಹೊಣೆ ತಾಣದ್ದು. ನಿಮ್ಮದೇ ಜಾಲತಾಣದಿಂದ ಅಲ್ಲಿನ ಗ್ರಾಹಕರಿಗೆ ನೇರವಾಗಿ ಮಾರಿದರೆ ಹೊಣೆ ನಿಮ್ಮದು, ಮತ್ತು ನೀವು ಅಲ್ಲಿ ವ್ಯಾಟ್ ನೋಂದಣಿ ಪಡೆಯಬೇಕು. ಬ್ರಿಟನ್ನಿನ ವ್ಯಾಪಾರಿಗಳಿಗಿರುವ 90,000 ಪೌಂಡ್‌ಗಳ ಮಿತಿ ಹೊರದೇಶದ ಮಾರಾಟಗಾರರಿಗೆ ಅನ್ವಯಿಸುವುದಿಲ್ಲ; ಮೊದಲ ಮಾರಾಟದಿಂದಲೇ ಹೊಣೆ ಹುಟ್ಟುತ್ತದೆ. ಸರಕನ್ನು ಅಲ್ಲಿನ ಗೋದಾಮಿನಲ್ಲಿ ಇಟ್ಟು ಮಾರುವವರಿಗೂ, ತಾಣವೇ ವ್ಯಾಟ್ ಹಿಡಿದುಕೊಂಡರೂ, ನೋಂದಣಿ ತಪ್ಪುವುದಿಲ್ಲ.

ಐರೋಪ್ಯ ಒಕ್ಕೂಟದ ನಿಯಮ ಇದಕ್ಕೆ ಹತ್ತಿರದ್ದೇ. 22 ಯೂರೊವರೆಗಿನ ಸರಕಿಗಿದ್ದ ವ್ಯಾಟ್ ವಿನಾಯಿತಿ 2021ರ ಜುಲೈ 1ರಂದು ರದ್ದಾಯಿತು. 150 ಯೂರೊವರೆಗಿನ ಪಾರ್ಸೆಲ್‌ಗಳಿಗೆ ಐಒಎಸ್‌ಎಸ್ ಎಂಬ ಏಕಗವಾಕ್ಷಿ ವ್ಯವಸ್ಥೆಯಿದ್ದು, ಒಂದೇ ನೋಂದಣಿಯಿಂದ ಎಲ್ಲ ಸದಸ್ಯ ದೇಶಗಳ ವ್ಯಾಟ್ ಕಟ್ಟಬಹುದು. ಆದರೆ ಭಾರತದ ಮಾರಾಟಗಾರರು ಒಕ್ಕೂಟದೊಳಗಿನ ಮಧ್ಯಸ್ಥರೊಬ್ಬರನ್ನು ನೇಮಿಸಿಕೊಳ್ಳಬೇಕು, ಅದಕ್ಕೆ ಶುಲ್ಕ ತೆರಬೇಕು. ದರ ದೇಶದಿಂದ ದೇಶಕ್ಕೆ ಬದಲಾಗುತ್ತದೆ: ಲಕ್ಸೆಂಬರ್ಗ್‌ನಲ್ಲಿ ಶೇ 17, ಜರ್ಮನಿಯಲ್ಲಿ ಶೇ 19, ಹಂಗೇರಿಯಲ್ಲಿ ಶೇ 27. ತಿಂಗಳಿಗೆ ಕೆಲವೇ ಆರ್ಡರ್‌ಗಳಿರುವ ಮೈಸೂರಿನ ಕುಶಲಕರ್ಮಿ ಸ್ವಂತ ಜಾಲತಾಣದಿಂದ ಯುರೋಪಿಗೆ ಮಾರುವ ಬದಲು, ಆರಂಭದಲ್ಲಾದರೂ, ವ್ಯಾಟ್ ಹೊಣೆ ಹೊರುವ ತಾಣವೊಂದರ ಮೂಲಕ ಮಾರುವುದು ಲೇಸು. ಕಮಿಷನ್ ಹೋದರೂ ನೋಂದಣಿಯ ಖರ್ಚು ಮಿಗುತ್ತದೆ, ದಂಡದ ಭಯವೂ ಇರುವುದಿಲ್ಲ.

ಅಮೆರಿಕದಲ್ಲಿ ರಾಷ್ಟ್ರಮಟ್ಟದ ವ್ಯಾಟ್ ಇಲ್ಲ. ಮಾರಾಟ ತೆರಿಗೆ ರಾಜ್ಯಗಳದ್ದು. 2018ರಲ್ಲಿ ಸೌತ್ ಡಕೋಟ ಮತ್ತು ವೇಫೇರ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ರಾಜ್ಯದಲ್ಲಿ ಅಂಗಡಿ ಇಲ್ಲದವರಿಂದಲೂ ಆ ರಾಜ್ಯ ತೆರಿಗೆ ಸಂಗ್ರಹ ಬಯಸಬಹುದು ಎಂದು ತೀರ್ಪಿತ್ತ ಮೇಲೆ, ಒಂದು ಲಕ್ಷ ಡಾಲರ್‌ನಂಥ ವಾರ್ಷಿಕ ಮಾರಾಟದ ಮಿತಿಗಳು ಬಂದವು. ಸಣ್ಣ ಮಾರಾಟಗಾರರು ಆ ಮಿತಿ ಮುಟ್ಟುವುದು ಅಪರೂಪ, ಮತ್ತು ಮಾರಾಟ ತೆರಿಗೆ ಇರುವ ರಾಜ್ಯಗಳಲ್ಲಿ ದೊಡ್ಡ ತಾಣಗಳೇ ತೆರಿಗೆ ಸಂಗ್ರಹಿಸಿ ಕಟ್ಟುತ್ತವೆ. ಆದರೆ ಸರಕನ್ನು ಒಂದು ರಾಜ್ಯದ ಗೋದಾಮಿನಲ್ಲಿಟ್ಟರೆ ಆ ರಾಜ್ಯದಲ್ಲಿ ನಿಮ್ಮ ಇರುವಿಕೆ ಸ್ಥಾಪಿತವಾಗುತ್ತದೆ ಎಂಬುದನ್ನು ಗಮನಿಸಬೇಕು. ಈಗ ಅಮೆರಿಕಕ್ಕೆ ಕಳುಹಿಸುವವರಿಗೆ ಮಾರಾಟ ತೆರಿಗೆಗಿಂತ ಭಾರವಾಗಿರುವುದು ಆಮದು ಸುಂಕ. 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗಿದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ರಿಂದ ನಿಂತಿತು. ಆಗ ಸ್ಥಗಿತಗೊಂಡಿದ್ದ ಅಂಚೆ ಪಾರ್ಸೆಲ್ ಸೇವೆ ಅದೇ ವರ್ಷ ಅಕ್ಟೋಬರ್ 15ರಂದು ಮತ್ತೆ ಆರಂಭವಾದಾಗ, ಸುಂಕವನ್ನು ಇಲ್ಲೇ ಮುಂಗಡವಾಗಿ ಕಟ್ಟಿಸಿಕೊಳ್ಳುವ ಪದ್ಧತಿ ಬಂತು. ಸುಂಕದ ದರ ಆಗಾಗ ಬದಲಾಗುತ್ತಿರುವುದರಿಂದ ಪ್ರತಿ ಬಾರಿ ಬೆಲೆ ನಿಗದಿಪಡಿಸುವ ಮುನ್ನ ಅಂದಿನ ದರವನ್ನೇ ನೋಡಬೇಕು.

ಆಸ್ಟ್ರೇಲಿಯಾದಲ್ಲಿ 1,000 ಆಸ್ಟ್ರೇಲಿಯನ್ ಡಾಲರ್‌ವರೆಗಿನ ಸರಕಿಗೂ ಶೇ 10ರ ಜಿಎಸ್‌ಟಿ ಇದೆ. ತಾಣಗಳು ಅದನ್ನು ಸಂಗ್ರಹಿಸುತ್ತವೆ, ನೇರ ಮಾರಾಟಗಾರರ ನೋಂದಣಿಗೆ ವರ್ಷಕ್ಕೆ 75,000 ಡಾಲರ್‌ಗಳ ಮಿತಿಯಿದೆ.

ಹಣ ಬಂದ ಮೇಲೆ

ರಫ್ತಿನ ಹಣ ನಿಗದಿತ ಅವಧಿಯೊಳಗೆ ಭಾರತಕ್ಕೆ ಬರಬೇಕು ಎಂಬುದು ವಿದೇಶಿ ವಿನಿಮಯ ನಿಯಮ. ಬಹುಕಾಲ ಒಂಬತ್ತು ತಿಂಗಳಾಗಿದ್ದ ಈ ಅವಧಿಯನ್ನು 2025ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ 15 ತಿಂಗಳಿಗೆ ಏರಿಸಿತು. ಹಣ ಬಾರದೆ ಹೋದರೆ ಪಡೆದ ಜಿಎಸ್‌ಟಿ ಮರುಪಾವತಿಯನ್ನೂ ಬಡ್ಡಿಯೊಂದಿಗೆ ಹಿಂದಿರುಗಿಸಬೇಕಾಗಬಹುದು. ಆದ್ದರಿಂದ ಪ್ರತಿ ಜಮೆಗೂ ಬ್ಯಾಂಕಿನಿಂದ ಅಥವಾ ಪಾವತಿ ಸಂಸ್ಥೆಯಿಂದ ವಿದೇಶಿ ಹಣ ಸ್ವೀಕೃತಿಯ ಪತ್ರ ಪಡೆದು, ಅದನ್ನು ಬಿಲ್ ಮತ್ತು ಶಿಪ್ಪಿಂಗ್ ಬಿಲ್‌ನೊಂದಿಗೆ ಜೋಡಿಸಿಡಿ. ಈ ಮೂರು ಕಾಗದಗಳ ಅಂಕಿಗಳು ಒಂದಕ್ಕೊಂದು ತಾಳೆಯಾದರೆ ತೆರಿಗೆ ಅಧಿಕಾರಿಯ ಬಹುಪಾಲು ಪ್ರಶ್ನೆಗಳಿಗೆ ಉತ್ತರ ಅಲ್ಲೇ ಸಿಗುತ್ತದೆ.

ಅಂಕಿಗಳು ತಾಳೆಯಾಗದಿರಲು ಸಾಮಾನ್ಯ ಕಾರಣವೆಂದರೆ ಕಮಿಷನ್. ಗ್ರಾಹಕರು 50 ಡಾಲರ್ ಕೊಟ್ಟು, ತಾಣ 8 ಡಾಲರ್ ಹಿಡಿದುಕೊಂಡು, ಖಾತೆಗೆ 42 ಡಾಲರ್ ಬಂದರೆ ನಿಮ್ಮ ವಹಿವಾಟು 50 ಡಾಲರ್. 8 ಡಾಲರ್ ನಿಮ್ಮ ಖರ್ಚು. ಬ್ಯಾಂಕಿಗೆ ಬಂದಷ್ಟನ್ನೇ ಮಾರಾಟವೆಂದು ಬರೆಯಬಾರದು. ಗ್ರಾಹಕರಿಂದ ತಾಣವೇ ಸಂಗ್ರಹಿಸಿ ಅಲ್ಲಿನ ಸರ್ಕಾರಕ್ಕೆ ಕಟ್ಟಿದ ವ್ಯಾಟ್ ಮಾತ್ರ ನಿಮ್ಮ ವಹಿವಾಟಿಗೆ ಸೇರುವುದಿಲ್ಲ. ತಾಣ ಪ್ರತಿ ತಿಂಗಳು ಕೊಡುವ ಲೆಕ್ಕಪಟ್ಟಿಯನ್ನು ಇಳಿಸಿಟ್ಟುಕೊಳ್ಳುವುದು ಇದಕ್ಕಾಗಿಯೇ.

ವಿದೇಶಿ ಕಂಪನಿಯಿಂದ ಜಾಹೀರಾತು ಅಥವಾ ತಂತ್ರಾಂಶದ ಚಂದಾ ಕೊಂಡರೆ ಅದು ಸೇವೆಯ ಆಮದು. ನೋಂದಾಯಿತ ವ್ಯಾಪಾರಿಯಾದ ನೀವೇ ಅದರ ಮೇಲೆ ಶೇ 18ರ ಜಿಎಸ್‌ಟಿಯನ್ನು ರಿವರ್ಸ್ ಚಾರ್ಜ್ ಅಡಿಯಲ್ಲಿ ನಗದಾಗಿ ಕಟ್ಟಿ, ನಂತರ ಕ್ರೆಡಿಟ್ ಆಗಿ ಪಡೆಯಬೇಕು. ಕೈಯಿಂದ ಕೊನೆಗೆ ಏನೂ ಹೋಗದಿದ್ದರೂ, ಕಟ್ಟದೆ ಬಿಟ್ಟರೆ ಬಡ್ಡಿ ಬೆಳೆಯುತ್ತದೆ. ತಾಣದ ಕಮಿಷನ್‌ಗೆ ಇದು ಹೇಗೆ ಅನ್ವಯಿಸುತ್ತದೆ ಎಂಬುದು ಆ ತಾಣದ ಕರಾರಿನ ಸ್ವರೂಪವನ್ನು ಅವಲಂಬಿಸಿರುವುದರಿಂದ, ಕರಾರಿನ ಪ್ರತಿಯನ್ನೇ ನಿಮ್ಮ ಆಡಿಟರಿಗೆ ತೋರಿಸಿ ಕೇಳಿ.

ಆದಾಯ ತೆರಿಗೆಯಲ್ಲಿ ಭಾರತದ ನಿವಾಸಿಯ ಜಗತ್ತಿನೆಲ್ಲೆಡೆಯ ಆದಾಯವೂ ಲೆಕ್ಕಕ್ಕೆ ಬರುತ್ತದೆ. ವಹಿವಾಟು ಎರಡು ಕೋಟಿ ರೂಪಾಯಿಯೊಳಗಿರುವ ವ್ಯಕ್ತಿಗಳು ಊಹಾತ್ಮಕ ತೆರಿಗೆ ಪದ್ಧತಿಯನ್ನು ಆರಿಸಿಕೊಂಡು, ಬ್ಯಾಂಕ್ ಮೂಲಕ ಬಂದ ಮಾರಾಟದ ಶೇ 6ರಷ್ಟನ್ನು ಲಾಭವೆಂದು ಘೋಷಿಸಬಹುದು. 40 ಲಕ್ಷ ರೂಪಾಯಿ ಮಾರಾಟಕ್ಕೆ 2.4 ಲಕ್ಷ ರೂಪಾಯಿ. ನಿಜವಾದ ಲಾಭ ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚನ್ನೇ ತೋರಿಸಬೇಕು. ವಿದೇಶದಲ್ಲಿ ನಿಮ್ಮ ಹೆಸರಿನ ಬ್ಯಾಂಕ್ ಖಾತೆಯಿದ್ದರೆ ಸರಳವಾದ ಐಟಿಆರ್-4 ನಮೂನೆ ಬಳಸುವಂತಿಲ್ಲ. ವಿದೇಶಿ ಆಸ್ತಿಗಳ ಪಟ್ಟಿಯಿರುವ ನಮೂನೆಯಲ್ಲಿ ಆ ಖಾತೆಯನ್ನು ಘೋಷಿಸಲೇಬೇಕು.

ದಿನಾಂಕಗಳ ಬಗ್ಗೆ ಒಂದು ಮಾತು. ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ರಿಟರ್ನ್‌ಗೆ ಮುಂದಿನ ತಿಂಗಳ 11, ತೆರಿಗೆಯ ಲೆಕ್ಕ ಕೊಡುವ ಜಿಎಸ್‌ಟಿಆರ್-3ಬಿಗೆ 20 ಕೊನೆಯ ದಿನ. ತ್ರೈಮಾಸಿಕ ಪದ್ಧತಿ ಆರಿಸಿಕೊಂಡ ಕರ್ನಾಟಕದ ವ್ಯಾಪಾರಿಗಳಿಗೆ ಇವು 13 ಮತ್ತು 22. ಒಂದೂ ಆರ್ಡರ್ ಬಾರದ ಅವಧಿಗೂ ಶೂನ್ಯ ರಿಟರ್ನ್ ಸಲ್ಲಿಸಬೇಕು. ಊಹಾತ್ಮಕ ಪದ್ಧತಿಯವರು ಮುಂಗಡ ಆದಾಯ ತೆರಿಗೆಯನ್ನು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟುತ್ತಾರೆ. ಜಿಎಸ್‌ಟಿಗೆ ಸಂಬಂಧಿಸಿದ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ದಿನಾಂಕದಿಂದ 72 ತಿಂಗಳವರೆಗೆ ಕಾಪಾಡಿಡಬೇಕು.