ಆಂಟಿವೈರಸ್ ಬಿಟ್ಟ ಶಾರ್ಟ್‌ಕಟ್ ವೈರಸ್ ಹಿಡಿದದ್ದು

ಗದಗಿನ ನಮ್ಮ ಮುದ್ರಣಾಲಯಕ್ಕೆ ಲಗ್ನಪತ್ರಿಕೆಯ ಹಂಗಾಮಿನಲ್ಲಿ ಕಂಡಕಂಡವರ ಪೆನ್‌ಡ್ರೈವ್‌ಗಳು ಬರುತ್ತವೆ. ಈ ಸಲ ಯಾವುದನ್ನು ಹಾಕಿದರೂ ಫೋಲ್ಡರ್‌ಗಳು ಮಾಯವಾಗಿ ಅದೇ ಹೆಸರಿನ ಶಾರ್ಟ್‌ಕಟ್‌ಗಳು ಕಾಣತೊಡಗಿದವು. ದುಡ್ಡು ಕೊಟ್ಟು ಕೊಂಡ ಆಂಟಿವೈರಸ್ ಮಾತ್ರ ಹಸಿರು ಗುರುತು ತೋರಿಸುತ್ತ ಕುಳಿತಿತ್ತು!

ಹಳೆಯ ಪದ್ಧತಿಯ ಆಂಟಿವೈರಸ್, ಠಾಣೆಯ ಗೋಡೆಯ ಫೋಟೊ ನೋಡಿ ಕಳ್ಳನನ್ನು ಹುಡುಕುವ ಪೇದೆಯಂತೆ. ತನ್ನ ಪಟ್ಟಿಯ ಗುರುತಿಗೆ ಕಡತ ಹೊಂದಿದರಷ್ಟೇ ಹಿಡಿಯುತ್ತದೆ. ವೈರಸ್‌ನ ಸ್ಕ್ರಿಪ್ಟ್, ಅಂದರೆ ಆದೇಶಗಳ ಸಾಲು, ಸ್ವಲ್ಪ ಬದಲಾದರೂ ತಪ್ಪಿಹೋಗಬಹುದು. ವರ್ತನೆ ನೋಡುವ ತಂತ್ರಾಂಶಕ್ಕೆ ಮುಖ ಮುಖ್ಯವಲ್ಲ: ಫೋಲ್ಡರ್ ಅಡಗಿಸುವುದು, ತನ್ನದೇ ಪ್ರತಿ ಹರಡುವುದು, ಕಂಪ್ಯೂಟರ್ ಶುರುವಾದೊಡನೆ ತಾವೇ ಓಡುವ ಕಡತಗಳ ಜಾಗವಾದ ಸ್ಟಾರ್ಟ್‌ಅಪ್‌ಗೆ ಸೇರಿಕೊಳ್ಳುವುದು, ಇಂಥ ನಡೆಯನ್ನು ಅದು ಗಮನಿಸುತ್ತದೆ.

ನಾನೂ ನಡೆಯನ್ನೇ ಹುಡುಕಿದೆ. ಓಡುತ್ತಿರುವ ಪ್ರೋಗ್ರಾಂಗಳನ್ನು ತೋರಿಸುವ ಟಾಸ್ಕ್ ಮ್ಯಾನೇಜರ್‌ನಲ್ಲಿ ಸ್ಕ್ರಿಪ್ಟ್‌ಗಳನ್ನು ನಡೆಸುವ ವಿಂಡೋಸ್‌ನ ಡಬ್ಲ್ಯುಸ್ಕ್ರಿಪ್ಟ್ ಬಿಡದೆ ಓಡುತ್ತಿತ್ತು. ಅದನ್ನು ನಿಲ್ಲಿಸಿ, ಸ್ಟಾರ್ಟ್‌ಅಪ್‌ನಲ್ಲಿದ್ದ ವಿಬಿಎಸ್ ಎಂಬ ಬಗೆಯ ಸ್ಕ್ರಿಪ್ಟ್ ಕಡತ ಅಳಿಸಿ, ಅಡಗಿಸಿದ ಗುರುತನ್ನು ತೆಗೆಯುವ ಆಟ್ರಿಬ್ ಆದೇಶದಿಂದ ಫೋಲ್ಡರ್‌ಗಳನ್ನು ಹೊರತಂದೆ. ಪೆನ್‌ಡ್ರೈವ್‌ನಲ್ಲಿದ್ದ ಪ್ರತಿಯನ್ನೂ ಅಳಿಸಬೇಕು, ಇಲ್ಲದಿದ್ದರೆ ಮತ್ತೆ ಶುರು. ಆ ಆಂಟಿವೈರಸ್ ತೆಗೆದು, ವರ್ತನೆಯ ನಿಗಾ ಇರುವ ವಿಂಡೋಸ್ ಡಿಫೆಂಡರ್ ಚಾಲೂ ಮಾಡಿದೆ.

ಒಂದು ತೊಡಕು ಬಂತು. ನಮ್ಮ ಹಳೆಯ ಕನ್ನಡ ಟೈಪಿಂಗ್ ತಂತ್ರಾಂಶವನ್ನೂ ಅದು ತಡೆಯಿತು. ಒತ್ತಿದ ಕೀಲಿಗಳನ್ನು ನಡುವೆ ಹಿಡಿದು ಬದಲಿಸುವ ಕೆಲಸ ಗೂಢಚಾರಿಕೆಯಂತೆ ಕಂಡಿರಬೇಕು. ಅದನ್ನು ವಿನಾಯಿತಿ ಪಟ್ಟಿಗೆ ಸೇರಿಸಿದ ಮೇಲೆಯೇ ಪತ್ರಿಕೆಗಳ ಕೆಲಸ ಮುಂದುವರಿಯಿತು.