ಬಣ್ಣಕ್ಕೂ ಮೊದಲು ಚೌಕಳಿ: ವಿಮಾನಕ್ಕೆ ಲಿವರಿ ಮಾಡುವ ನನ್ನ ಅನುಭವ

ಫ್ಲೈಟ್ ಸಿಮ್ಯುಲೇಟರ್‌ನ ಹೊಸ ವಿಮಾನವೊಂದಕ್ಕೆ ಲಿವರಿ, ಅಂದರೆ ಮೈಮೇಲಿನ ಬಣ್ಣ-ಬರಹಗಳ ವಿನ್ಯಾಸ, ಮಾಡಲು ಕುಳಿತರೆ ಮೊದಲ ದಿನ ನಾನು ನಿಜವಾದ ಬಣ್ಣವನ್ನು ಮುಟ್ಟುವುದೇ ಇಲ್ಲ. ವಿಮಾನದ ಮೈಗೆ ಹೊದಿಸುವ ಚಿತ್ರವಾದ ಟೆಕ್ಸ್ಚರ್ ಹಾಳೆಯ ತುಂಬ ಚೌಕಳಿ ಎಳೆದು, ಪ್ರತಿ ಚೌಕಕ್ಕೂ ಒಂದು ಅಕ್ಷರ, ಒಂದು ಅಂಕಿ ಬರೆದು, ಅದನ್ನೇ ವಿಮಾನಕ್ಕೆ ತೊಡಿಸಿ ಸಿಮ್‌ನೊಳಗೆ ಸುತ್ತ ತಿರುಗಿಸಿ ನೋಡುತ್ತೇನೆ. ನೋಡಲು ವಿಕಾರವಾಗಿರುತ್ತದೆ, ನಿಜ. ಆದರೆ ಹಾಳೆಯ ಯಾವ ಪಿಕ್ಸೆಲ್ ವಿಮಾನದ ಎಲ್ಲಿ ಹೋಗಿ ಕೂರುತ್ತದೆ ಎಂಬುದು ಇದರಷ್ಟು ಸ್ಪಷ್ಟವಾಗಿ ಬೇರೆ ಯಾವುದರಿಂದಲೂ ತಿಳಿಯುವುದಿಲ್ಲ.

ವಿಮಾನದ ಮೈಯನ್ನು ಬಿಡಿಸಿ ಸಮತಟ್ಟಾದ ಹಾಳೆಯ ಮೇಲೆ ಹರಡಿದ ನಕ್ಷೆಯೇ ಯುವಿ ಮ್ಯಾಪ್. ದರ್ಜಿ ಬಟ್ಟೆಯ ಮೇಲೆ ತೋಳು, ಎದೆ, ಬೆನ್ನು ಎಂದು ಗುರುತು ಹಾಕುವಂತೆ ಇಲ್ಲಿ ಒಡಲಿನ ಎಡಮೈ ಒಂದು ತುಂಡು, ಬಲಮೈ ಇನ್ನೊಂದು. ಮೂತಿ, ಬಾಲ, ಎಂಜಿನ್ ಕವಚ ಬೇರೆ ಬೇರೆ. ಮಾದರಿ ತಯಾರಿಸಿದವರು ಪೇಂಟ್ ಕಿಟ್ ಕೊಟ್ಟಿದ್ದರೆ ಅರ್ಧ ಭಾರ ಇಳಿದಂತೆ. ಫಲಕಗಳ ಗೆರೆ, ರಿವೆಟ್, ಕಿಟಕಿ, ಕೊಳೆ ಎಲ್ಲವೂ ಪ್ರತ್ಯೇಕ ಲೇಯರ್‌ಗಳಲ್ಲಿ ಸಿಗುತ್ತವೆ. ಕಿಟ್ ಇಲ್ಲದಿದ್ದರೆ ಅದೇ ವಿಮಾನದ ಅಚ್ಚ ಬಿಳಿ ಲಿವರಿ ಇದೆಯೇ ಎಂದು ಹುಡುಕಿ ಅದರ ಮೇಲೆ ಕೆಲಸ ಮಾಡುತ್ತೇನೆ. ಚೌಕಳಿ ತೊಡಿಸಿದ ಕೂಡಲೇ ಅಕ್ಷರಗಳು ಎಲ್ಲಾದರೂ ತಿರುಗುಮುರುಗಾಗಿವೆಯೇ ಎಂದು ನೋಡುವುದು ಅಭ್ಯಾಸ. ಜಾಗ ಉಳಿಸಲೆಂದು ಎರಡೂ ಬದಿಗೆ ಒಂದೇ ತುಂಡನ್ನು ಬಳಸಿದ ಮಾದರಿಗಳಲ್ಲಿ ಒಂದು ಬದಿಯ ಬರಹ ಉಲ್ಟಾ ಬರುತ್ತದೆ. ಬಣ್ಣದಲ್ಲಿ ಇದಕ್ಕೆ ಮದ್ದಿಲ್ಲ. ಅಲ್ಲಿ ಬರಹವೇ ಬೇಡವೆಂದು ವಿನ್ಯಾಸವನ್ನು ಬದಲಿಸಬೇಕು, ಅಷ್ಟೇ.

ಇನ್ನೊಂದು ಲೆಕ್ಕವನ್ನೂ ಆಗಲೇ ಮುಗಿಸಿಬಿಡುತ್ತೇನೆ. ಏರ್‌ಬಸ್ ಎ320ರ ಉದ್ದ 37.57 ಮೀಟರ್. ಅದರ ಇಡೀ ಪಾರ್ಶ್ವ 4096 ಪಿಕ್ಸೆಲ್ ಅಗಲದ ಒಂದೇ ಹಾಳೆಯಲ್ಲಿ ಬಂದರೆ ಒಂದು ಪಿಕ್ಸೆಲ್ ಎಂದರೆ ಸುಮಾರು 9 ಮಿಲಿಮೀಟರ್. ಅಂತಾರಾಷ್ಟ್ರೀಯ ನಿಯಮದಂತೆ ಒಡಲಿನ ಮೇಲಿನ ನೋಂದಣಿ ಅಕ್ಷರಗಳು ಕನಿಷ್ಠ 30 ಸೆಂಟಿಮೀಟರ್ ಎತ್ತರ ಇರಬೇಕು, ಗೆರೆಯ ದಪ್ಪ ಎತ್ತರದ ಆರನೇ ಒಂದು ಭಾಗ. ಅಂದರೆ ಹಾಳೆಯಲ್ಲಿ ಅಕ್ಷರದ ಎತ್ತರ ಸುಮಾರು 33 ಪಿಕ್ಸೆಲ್, ಗೆರೆ ಐದು ಪಿಕ್ಸೆಲ್. ಓದಲು ಏನೂ ತೊಂದರೆಯಿಲ್ಲ. ಬಾಗಿಲ ಪಕ್ಕದ ಪುಟ್ಟ ಎಚ್ಚರಿಕೆ ಬರಹದ ಅಕ್ಷರಕ್ಕಾದರೋ ಮೂರು ಪಿಕ್ಸೆಲ್ ಸಿಕ್ಕರೆ ಹೆಚ್ಚು. ಅದನ್ನು ಓದುವಂತೆ ಮಾಡುತ್ತೇನೆ ಎಂದು ಹಟ ಹಿಡಿಯುವುದು ವ್ಯರ್ಥ. ಮಾದರಿಯಲ್ಲಿ ಇಂತಹ ಬರಹಗಳಿಗೆಂದೇ ಬೇರೆ ಡೆಕಲ್ (ಅಂಟುಚಿತ್ರ) ಹಾಳೆ ಇದ್ದರೆ ಅಲ್ಲಿ ಬರೆಯುತ್ತೇನೆ, ಇಲ್ಲದಿದ್ದರೆ ಬೂದು ಚುಕ್ಕೆ ಇಟ್ಟು ಮುಂದಕ್ಕೆ ಹೋಗುತ್ತೇನೆ.

ನನಗೆ ಹಳೆಯ ಕಾಲದ ಲಿವರಿಗಳ ಮೇಲೆ ಪ್ರೀತಿ ಜಾಸ್ತಿ. ಬಿಳಿ ಒಡಲು, ಕಿಟಕಿಗಳ ಸಾಲಿನುದ್ದಕ್ಕೂ ಕಡುನೀಲಿ ಪಟ್ಟಿ, ಅದರ ಕೆಳಗೊಂದು ತೆಳು ಚಿನ್ನದ ಗೆರೆ. ಒಡಲಿನ ಮಧ್ಯಭಾಗ ಬರಿಯ ಕೊಳವೆಯಾದ್ದರಿಂದ ಅಲ್ಲಿ ಪಟ್ಟಿ ಎಳೆಯಲು ನಿಮಿಷ ಸಾಕು. ಪ್ರಾಣ ಹಿಂಡುವುದು ಮೂತಿ. ಅಲ್ಲಿ ಮೈ ಎರಡೂ ದಿಕ್ಕಿಗೆ ಬಾಗುವುದರಿಂದ ಹಾಳೆಯ ಮೇಲೆ ನೇರವಾಗಿ ಎಳೆದ ಗೆರೆ ವಿಮಾನದ ಮೇಲೆ ಮೇಲಕ್ಕೆ ಸೊಟ್ಟಗಾಗುತ್ತದೆ ಅಥವಾ ಕೆಳಕ್ಕೆ ಜೋಲುತ್ತದೆ. ನೇರವಾಗಿ ಕಾಣಬೇಕೆಂದರೆ ಹಾಳೆಯ ಮೇಲೆ ಬೇಕೆಂದೇ ಬಗ್ಗಿಸಿ ಎಳೆಯಬೇಕು. ಎಷ್ಟು ಬಗ್ಗಿಸಬೇಕು ಎಂಬುದನ್ನು ಹೇಳುವುದು ಚೌಕಳಿಯೇ. ಹೊರಗಿನ ಕ್ಯಾಮೆರಾವನ್ನು ದೂರಕ್ಕೆ ಒಯ್ದು ಝೂಮ್ ಮಾಡಿ, ಮೂತಿಯನ್ನು ನೇರ ಪಕ್ಕದಿಂದ ನೋಡುತ್ತೇನೆ. ಹತ್ತಿರದಿಂದ ನೋಡಿದರೆ ದೃಷ್ಟಿಕೋನವೇ ಗೆರೆಯನ್ನು ವಾಲಿಸಿ ಮೋಸ ಮಾಡುತ್ತದೆ. ಆ ಚಿತ್ರದ ಮೇಲೆ ಒಂದು ನೇರ ಗೆರೆ ಇಟ್ಟು, ಅದು ಯಾವ ಯಾವ ಚೌಕದ ಯಾವ ಎತ್ತರದಲ್ಲಿ ಹಾಯುತ್ತದೆ ಎಂದು ಬರೆದುಕೊಂಡು, ಹಾಳೆಯಲ್ಲಿ ಅದೇ ಬಿಂದುಗಳನ್ನು ವೆಕ್ಟರ್ ಪಾತ್‌ನಿಂದ ಜೋಡಿಸುತ್ತೇನೆ. ಬ್ರಷ್ ಬೇಡ, ಪಾತ್ ಆದರೆ ಒಂದು ಬಿಂದುವನ್ನು ಎರಡು ಪಿಕ್ಸೆಲ್ ಸರಿಸಿ ಮತ್ತೆ ನೋಡಬಹುದು. ಮೂತಿಯ ತುಂಡು ಒಡಲಿನ ತುಂಡನ್ನು ಸೇರುವ ಜಾಗದಲ್ಲಿ ಈ ಸರಿಸಾಟ ಬೇಕಾದಷ್ಟು ನಡೆಯುತ್ತದೆ. ಮಾದರಿಯ ಫೈಲನ್ನು ಮೂರು ಆಯಾಮದ ಚಿತ್ರಗಳ ತಂತ್ರಾಂಶವಾದ ಬ್ಲೆಂಡರ್‌ನಲ್ಲಿ ತೆರೆಯಲು ಸಾಧ್ಯವಿದ್ದರೆ ನೇರವಾಗಿ ಮೂರು ಆಯಾಮದಲ್ಲೇ ಬಣ್ಣ ಹಚ್ಚಬಹುದು, ಆದರೆ ಎಲ್ಲ ಮಾದರಿಗಳೂ ಹಾಗೆ ತೆರೆದುಕೊಳ್ಳುವುದಿಲ್ಲ.

ಗೆರೆ ಕೂಡಿತು ಎಂದು ಉಸಿರುಬಿಡುವಷ್ಟರಲ್ಲಿ ಚಿನ್ನದ ಗೆರೆ ಕೆಸರಿನ ಬಣ್ಣಕ್ಕೆ ತಿರುಗಿರುತ್ತದೆ. ಇದು ಫೈಲಿನ ಗಾತ್ರ ಕುಗ್ಗಿಸುವ ಕಂಪ್ರೆಷನ್‌ನ ಕೈವಾಡ. ಸಿಮ್ ಓದುವ ಡಿಡಿಎಸ್ ಎಂಬ ಚಿತ್ರದ ಫೈಲಿನ ಡಿಎಕ್ಸ್‌ಟಿ ವಿಧಾನ ಚಿತ್ರವನ್ನು ನಾಲ್ಕು ಪಿಕ್ಸೆಲ್ ಅಗಲ, ನಾಲ್ಕು ಪಿಕ್ಸೆಲ್ ಎತ್ತರದ ತುಣುಕುಗಳಾಗಿ ಒಡೆದು, ಪ್ರತಿ ತುಣುಕಿಗೂ ಎರಡೇ ಮೂಲ ಬಣ್ಣ ಇಟ್ಟುಕೊಂಡು ಉಳಿದವನ್ನು ಅವೆರಡರ ನಡುವಿನ ಛಾಯೆಗಳಿಂದ ತುಂಬುತ್ತದೆ. ನೀಲಿ, ಚಿನ್ನ, ಬಿಳಿ ಮೂರೂ ಒಂದೇ ತುಣುಕಿನೊಳಗೆ ಬಂದರೆ ಯಾವುದೋ ಒಂದು ಬಲಿಯಾಗಲೇಬೇಕು. ಗೆರೆಯನ್ನು ಕನಿಷ್ಠ ನಾಲ್ಕೈದು ಪಿಕ್ಸೆಲ್ ದಪ್ಪ ಮಾಡಿ, ಅದರ ಅಂಚು ನಾಲ್ಕರ ಗುಣಕದ ಮೇಲೆ ಬೀಳುವಂತೆ ಒಂದೆರಡು ಪಿಕ್ಸೆಲ್ ಸರಿಸಿದರೆ ಬಣ್ಣ ಬಹುಪಾಲು ತಿಳಿಯಾಗುತ್ತದೆ. ಕೆಲಸದ ಮೂಲ ಪ್ರತಿಯನ್ನು ಎಂದೂ ಡಿಡಿಎಸ್‌ನಲ್ಲಿ ಇಡುವುದಿಲ್ಲ. ಪ್ರತಿ ಬಾರಿ ಉಳಿಸಿದಾಗಲೂ ಚಿತ್ರ ಸ್ವಲ್ಪ ಸವೆಯುತ್ತದೆ.

ಹತ್ತಿರದಲ್ಲಿ ಚೆನ್ನಾಗಿದ್ದ ವಿಮಾನ ದೂರ ಸರಿದಂತೆ ಜೋಡಣೆಯ ಅಂಚಿನಲ್ಲಿ ಬಿಳಿ ಅಥವಾ ಕಪ್ಪು ದಾರದಂತಹ ಗೆರೆ ತೋರಿಸಿದರೆ ಅದು ಮಿಪ್‌ಮ್ಯಾಪ್‌ನಿಂದ ಬಂದ ಸಮಸ್ಯೆ. ಮಿಪ್‌ಮ್ಯಾಪ್ ಎಂದರೆ ದೂರದ ನೋಟಕ್ಕೆ ಬೇಕಾದ ಚಿತ್ರದ ಚಿಕ್ಕ ಪ್ರತಿಗಳು. ಅವನ್ನು ತಯಾರಿಸುವಾಗ ತುಂಡಿನ ಹೊರಗಿನ ಖಾಲಿ ಬಣ್ಣ ಒಳಕ್ಕೆ ಬೆರೆಯುತ್ತದೆ. ತುಂಡಿನ ಗಡಿಯಾಚೆಗೂ ಹದಿನಾರು ಪಿಕ್ಸೆಲ್‌ನಷ್ಟು ಬಣ್ಣ ಹರಡಿದರೆ ಗೆರೆ ಮಾಯ. ಮಿಪ್‌ಮ್ಯಾಪ್ ಇಲ್ಲದೆಯೇ ಉಳಿಸಿದರೆ ದೂರದಲ್ಲಿ ಅಕ್ಷರಗಳೆಲ್ಲ ಮಿಣುಗುಟ್ಟುತ್ತವೆ, ಅದು ಇನ್ನೂ ಕೆಟ್ಟದ್ದು.

ಹೊಳಪಿನ ತಕರಾರು ಬೇರೆಯದೇ ಜಾತಿ. ಎಫ್‌ಎಸ್‌ಎಕ್ಸ್ ಎಂಬ ಹಳೆಯ ಮೈಕ್ರೋಸಾಫ್ಟ್ ಸಿಮ್ಯುಲೇಟರ್‌ನ ಕಾಲದ ಬಹುತೇಕ ಮಾದರಿಗಳಲ್ಲಿ ಬಣ್ಣದ ಹಾಳೆಯಲ್ಲಿ ಕೆಂಪು, ಹಸಿರು, ನೀಲಿಯ ಜೊತೆಗಿರುವ ನಾಲ್ಕನೇ ಪದರವಾದ ಆಲ್ಫಾ ಚಾನೆಲ್ಲೇ ಹೊಳಪನ್ನು ನಿರ್ಧರಿಸುತ್ತದೆ: ಕಪ್ಪಾದಷ್ಟೂ ಪ್ರತಿಫಲನ ಹೆಚ್ಚು. ಚಿತ್ರ ಉಳಿಸುವಾಗ ಆಲ್ಫಾ ಪೂರ್ತಿ ಕಪ್ಪಾಗಿ ಹೋದರೆ ಇಡೀ ವಿಮಾನ ಕನ್ನಡಿಯಾಗಿ ನಿಲ್ಲುತ್ತದೆ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020ರಲ್ಲಿ ಈ ಕೆಲಸಕ್ಕೆ ಕಾಂಪ್ ಎಂಬ ಬೇರೆ ಹಾಳೆ ಇದೆ. ಅದರ ಕೆಂಪು ಚಾನೆಲ್‌ನಲ್ಲಿ ಸಂದುಗಳ ನೆರಳು, ಹಸಿರಿನಲ್ಲಿ ಒರಟುತನ, ನೀಲಿಯಲ್ಲಿ ಲೋಹತ್ವ. ಬರಿಯ ಅಲ್ಯೂಮಿನಿಯಂ ಮೈಯ ವಿಮಾನಕ್ಕೆ ಕೆಂಪು ಬಾಲ ಬರೆದು ಕಾಂಪ್ ಹಾಳೆಯನ್ನು ಹಾಗೆಯೇ ಬಿಟ್ಟರೆ, ಬಾಲ ಚಾಕೊಲೇಟ್ ಸುತ್ತಿದ ಕೆಂಪು ಜರಿ ಕಾಗದದಂತೆ ಮಿಂಚುತ್ತದೆ. ಬಣ್ಣವನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ. ಆ ಭಾಗದ ನೀಲಿ ಚಾನೆಲ್ಲನ್ನು ಸೊನ್ನೆಗೆ ಇಳಿಸಿದರೆ ಬಣ್ಣ ಬಣ್ಣವಾಗಿ ಕಾಣುತ್ತದೆ. ಹಾಗೆಯೇ ಬಿಳಿಗೆ ಬಣ್ಣದ ಗರಿಷ್ಠ ಮೌಲ್ಯವಾದ 255 ಹಾಕುವುದಿಲ್ಲ. ಬಿಸಿಲಿನಲ್ಲಿ ಫಲಕಗಳ ಗೆರೆಯೆಲ್ಲ ಕರಗಿಹೋಗುತ್ತದೆ. 225ರ ಆಸುಪಾಸು ನನಗೆ ಒಗ್ಗಿದೆ. ನಿಜವಾದ ವಿಮಾನದ ಫೋಟೋದಿಂದ ನೇರವಾಗಿ ಬಣ್ಣ ಹೆಕ್ಕುವವರನ್ನು ಕಂಡರೆ ನನಗೆ ಕಸಿವಿಸಿ. ಸಂಜೆ ತೆಗೆದ ಫೋಟೋದಲ್ಲಿ ಬಿಳಿಯೂ ಕಿತ್ತಳೆಯೇ.

ಇನ್ನು ಲಿವರಿ ಪಟ್ಟಿಯಲ್ಲೇ ಕಾಣಿಸದಿದ್ದರೆ ಚಿತ್ರವನ್ನು ಮುಟ್ಟಲು ಹೋಗಬಾರದು, ತಪ್ಪು ಸಂರಚನೆಯ ಫೈಲಿನ ಬರಹದಲ್ಲಿರುತ್ತದೆ. ಎಫ್‌ಎಸ್‌ಎಕ್ಸ್‌ನಲ್ಲಿ ಏರ್‌ಕ್ರಾಫ್ಟ್ ಡಾಟ್ ಸಿಎಫ್‌ಜಿ ಫೈಲಿನ ಫ್ಲೈಟ್‌ಸಿಮ್ ವಿಭಾಗಗಳ ಸಂಖ್ಯೆ ಸೊನ್ನೆಯಿಂದ ಬಿಟ್ಟುಹೋಗದೆ ಸಾಗಬೇಕು, ಎರಡು ವಿಭಾಗಗಳ ಶೀರ್ಷಿಕೆ ಒಂದೇ ಆಗಿರಬಾರದು. ವಿಮಾನದ ಹೊಟ್ಟೆಯ ಮೇಲೆ ಕಿಟಕಿಗಳು ಬಂದಿದ್ದರೆ ಗಾಬರಿ ಬೇಡ. ಎಫ್‌ಎಸ್‌ಎಕ್ಸ್‌ಗೆ ಡಿಡಿಎಸ್ ಚಿತ್ರಗಳನ್ನು ತಲೆಕೆಳಗಾಗಿ ಉಳಿಸಬೇಕು. 2020ರ ಸಿಮ್‌ನಲ್ಲಿ ಹೊರಗಿನ ಸೇರ್ಪಡೆಗಳನ್ನು ಇಡುವ ಕಮ್ಯುನಿಟಿ ಫೋಲ್ಡರ್‌ನೊಳಗಿನ ಪ್ಯಾಕೇಜಿಗೆ ಲೇಔಟ್ ಡಾಟ್ ಜೇಸನ್ ಎಂಬ ಪಟ್ಟಿ ಇರುತ್ತದೆ. ಅದರಲ್ಲಿ ಹೆಸರಿಲ್ಲದ ಫೈಲು ಸಿಮ್‌ನ ಪಾಲಿಗೆ ಇಲ್ಲವೇ ಇಲ್ಲ. ಟೆಕ್ಸ್ಚರ್ ಸೇರಿಸಿದಾಗಲೆಲ್ಲ ಪಟ್ಟಿಯನ್ನು ಹೊಸದಾಗಿ ಮಾಡಿ ಸಿಮ್ ಮರುಪ್ರಾರಂಭಿಸುತ್ತೇನೆ. ನೋಂದಣಿ ಸಂಖ್ಯೆ ಒಂದರ ಮೇಲೊಂದು ಎರಡೆರಡು ಕಂಡರೆ ಒಂದನ್ನು ಸಿಮ್ ತಾನಾಗಿ ಬರೆಯುತ್ತಿದೆ ಎಂದರ್ಥ. ಅದನ್ನು ಪ್ಯಾನೆಲ್ ಫೋಲ್ಡರ್‌ನ ಸಿಎಫ್‌ಜಿಯಲ್ಲಿ ನಿಲ್ಲಿಸಬೇಕು. ಎಕ್ಸ್‌-ಪ್ಲೇನ್ ಎಂಬ ಇನ್ನೊಂದು ಸಿಮ್ಯುಲೇಟರ್ ಈ ವಿಷಯದಲ್ಲಿ ಸಜ್ಜನ. ಲಿವರೀಸ್ ಫೋಲ್ಡರ್‌ನಲ್ಲಿ ಮೂಲದ ಹೆಸರಿನಲ್ಲೇ ಫೈಲ್ ಇಟ್ಟರೆ ಸಾಕು, ಇಡದ ಫೈಲುಗಳನ್ನು ಮೂಲದಿಂದಲೇ ತೆಗೆದುಕೊಳ್ಳುತ್ತದೆ. ಆದರೆ ಪಿಎನ್‌ಜಿಯನ್ನು ಎಷ್ಟು ತಿದ್ದಿದರೂ ವಿಮಾನ ಬದಲಾಗದಿದ್ದರೆ ಪಕ್ಕದಲ್ಲೇ ಅದೇ ಹೆಸರಿನ ಡಿಡಿಎಸ್ ಕುಳಿತಿದೆಯೇ ನೋಡಿ, ಅದು ಡಿಡಿಎಸ್ ಅನ್ನೇ ಮೊದಲು ಓದುತ್ತದೆ.

ಯಾವುದೂ ಹೊಳೆಯದಾಗ ಒಂದು ಪರೀಕ್ಷೆ ಮಾಡುತ್ತೇನೆ. ಮೂಲ ಲಿವರಿಯ ಟೆಕ್ಸ್ಚರನ್ನು ನನ್ನ ಫೋಲ್ಡರಿಗೆ ಅದೇ ಹೆಸರಿನಲ್ಲಿ ನಕಲು ಮಾಡಿ ನೋಡುತ್ತೇನೆ. ಅದು ಸರಿಯಾಗಿ ಕಂಡರೆ ದಾರಿ, ಹೆಸರು, ಪಟ್ಟಿ ಎಲ್ಲ ನೆಟ್ಟಗಿವೆ, ದೋಷ ನಾನು ಉಳಿಸಿದ ಚಿತ್ರದ ಗಾತ್ರದಲ್ಲೋ ಕಂಪ್ರೆಷನ್‌ನಲ್ಲೋ ಇದೆ. ಅದೂ ಕಾಣದಿದ್ದರೆ ಚಿತ್ರದ ಗೊಡವೆ ಬಿಟ್ಟು ಸಿಎಫ್‌ಜಿ ತೆರೆಯುತ್ತೇನೆ. ವಿಂಡೋಸ್ ಫೈಲಿನ ವಿಸ್ತರಣೆಯನ್ನು ಬಚ್ಚಿಟ್ಟು ಸಿಎಫ್‌ಜಿ ಹಿಂದೆ ಟಿಎಕ್ಸ್‌ಟಿ ಅಂಟಿಸಿರುವುದು, ಉದ್ಧರಣ ಚಿಹ್ನೆಗಳು ಬಾಗಿದ ರೂಪದಲ್ಲಿ ಬಂದಿರುವುದು ಇಂತಹ ಕಡೆಯೇ ಪತ್ತೆಯಾಗುತ್ತವೆ.

ಹಂಚಿಕೊಳ್ಳುವಾಗ ನನ್ನ ಟೆಕ್ಸ್ಚರ್ ಮತ್ತು ಸಂರಚನೆಯ ಫೈಲುಗಳನ್ನಷ್ಟೇ ಕೊಡುತ್ತೇನೆ, ಮಾದರಿಯನ್ನು ಸೇರಿಸುವುದಿಲ್ಲ. ಪೇಂಟ್ ಕಿಟ್‌ನ ಷರತ್ತುಗಳನ್ನು ಓದಿರುತ್ತೇನೆ. ಕೆಲವು ಕಿಟ್‌ಗಳಲ್ಲಿ ಹಣಕ್ಕೆ ಮಾರುವಂತಿಲ್ಲ ಎಂದಿರುತ್ತದೆ. ಮಾದರಿಯ ಯಾವ ಆವೃತ್ತಿಯ ಮೇಲೆ ಪರೀಕ್ಷಿಸಿದ್ದೇನೆ ಎಂಬುದನ್ನು ಜೊತೆಗಿನ ಟಿಪ್ಪಣಿಯ ಮೊದಲ ಸಾಲಿನಲ್ಲೇ ಬರೆಯುತ್ತೇನೆ, ಏಕೆಂದರೆ ತಯಾರಕರು ಯುವಿ ಬದಲಿಸಿದ ದಿನ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಆ ಸಾಲಿನಲ್ಲೇ ಇರುತ್ತದೆ.